ರೋಗಿಗಳಿರುವಾಗಲೇ ರಿಪೇರಿ: ಮಲೆನಾಡಿನ ಆಸ್ಪತ್ರೆ ಕಟ್ಟಡಗಳಿಗೊಂದು ಸಮಗ್ರ ಮಾರ್ಗದರ್ಶಿ

ಮನೆ ರಿಪೇರಿ ಎಂದರೆ ಸಾಮಾನನ್ನು ನೆಂಟರ ಮನೆಗೋ ಅಟ್ಟಕ್ಕೋ ಸಾಗಿಸಿ ಕೆಲಸ ಶುರು ಮಾಡಬಹುದು. ಆಸ್ಪತ್ರೆಗೆ ಆ ಅನುಕೂಲ ಇಲ್ಲ. ಹೆರಿಗೆ ಕಾಯುವುದಿಲ್ಲ, ಹಾವು ಕಚ್ಚಿಸಿಕೊಂಡವರು ಬರುವುದು ನಿಲ್ಲುವುದಿಲ್ಲ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬರುವವರಿಗೆ 'ಕೆಲಸ ಮುಗಿದ ಮೇಲೆ ಬನ್ನಿ' ಎನ್ನುವಂತಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ತಾಲ್ಲೂಕು ಆಸ್ಪತ್ರೆ ಬಾಗಿಲು ಹಾಕಿದರೆ ಜನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೊರಡಬೇಕು.

ಮೂವತ್ತರಿಂದ ನೂರು ಹಾಸಿಗೆಯ ಆಸ್ಪತ್ರೆ, ಸೋರುವ ತಾರಸಿ, ಚಕ್ಕೆ ಉದುರುವ ಸ್ಲ್ಯಾಬು, ಕೊಳೆತ ಪೈಪು: ಇಂಥ ಕಟ್ಟಡದ ಹೊಣೆ ಹೊತ್ತ ಆಡಳಿತ ವೈದ್ಯಾಧಿಕಾರಿ, ಮ್ಯಾನೇಜರ್, ಎಂಜಿನಿಯರುಗಳಿಗಾಗಿ ಇದನ್ನು ಬರೆದಿದ್ದೇನೆ. ಕೆಲಸ ನಿಲ್ಲಿಸುವ ಅಧಿಕಾರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ನನ್ನ ವಾದ. ಕೇಳಲು ಉಲ್ಟಾ ಅನ್ನಿಸಬಹುದು, ಕಾರಣ ಮುಂದೆ ಬರುತ್ತದೆ.

1. ಸೋರುವಾಗಲೇ ನೋಡಿ

ಎಷ್ಟೋ ಅಂದಾಜು ಪಟ್ಟಿಗಳು ತಯಾರಾಗುವುದು ಬೇಸಿಗೆಯಲ್ಲಿ. ಬಂದವರು ಗೋಡೆಯ ಕಲೆ ನೋಡಿ, 'ತಾರಸಿಗೆ ವಾಟರ್‌ಪ್ರೂಫಿಂಗ್, ಇಷ್ಟು ಚದರ ಮೀಟರ್' ಎಂದು ಬರೆದುಕೊಂಡು ಹೋಗುತ್ತಾರೆ. ಆದರೆ ಕಲೆ ಕಂಡಲ್ಲೇ ಸೋರುತ್ತಿರಬೇಕೆಂದೇನಿಲ್ಲ. ತಾರಸಿಯ ಮೂಲೆಯಲ್ಲಿ ಇಳಿದ ನೀರು ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು ಸಾಗಿ ಮೂರನೇ ಕೋಣೆಯ ಫ್ಯಾನಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಇದು ಗೊತ್ತಾಗುವುದು ಜಡಿಮಳೆಯಲ್ಲಿ ಮಾತ್ರ.

ಹಾಗಾಗಿ ಸಮೀಕ್ಷೆ ಜುಲೈ–ಆಗಸ್ಟ್‌ನಲ್ಲೇ ಆಗಲಿ. ಕಟ್ಟಡದ ನಕ್ಷೆ ಹಿಡಿದು ಕೋಣೆ ಕೋಣೆ ಸುತ್ತಿ, ಎಲ್ಲೆಲ್ಲಿ ಬಕೆಟ್ ಇಟ್ಟಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಮೇಲಿನಿಂದ ಸೋರುವುದು, ಇರಿಚಲು ಹೊಡೆದು ಗೋಡೆ ನೆನೆಯುವುದು, ನೆಲದಿಂದ ತೇವ ಏರುವುದು, ಶೌಚಾಲಯದ ಪೈಪು ಒಸರುವುದು: ಈ ನಾಲ್ಕಕ್ಕೂ ಬೇರೆ ಬೇರೆ ಮದ್ದು. ಸಂಶಯವಿದ್ದರೆ ಜನವರಿಯಲ್ಲಿ ಅದೇ ಜಾಗ ಮುಟ್ಟಿ ನೋಡಿ. ಆಗಲೂ ಒದ್ದೆಯಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಪೈಪನ್ನು.

ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಸ್ಲ್ಯಾಬಿನ ಅಡಿಭಾಗ, ತೊಲೆ, ಕಂಬ ಎಲ್ಲವನ್ನೂ ತಟ್ಟಿ. ಗಟ್ಟಿ ಇದ್ದಲ್ಲಿ 'ಠಣ್' ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ 'ಡಬ್ ಡಬ್' ಎಂದು ಟೊಳ್ಳು ಸದ್ದು. ಟೊಳ್ಳಿರುವಲ್ಲೆಲ್ಲ ಸುಣ್ಣದ ಕಡ್ಡಿಯಿಂದ ವೃತ್ತ ಎಳೆಯಿರಿ. ಸರಳಿಗೆ ತುಕ್ಕು ಹಿಡಿದಾಗ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಕೆಳಗೆ ಕಾಣುವ ಬಿರುಕು ಅದರ ಕೊನೆಯ ಹಂತ. ವೃತ್ತಗಳು ಹೆಚ್ಚಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ, ಕಾಂಕ್ರೀಟಿನ ಗಟ್ಟಿತನ, ಒಳಗಿನ ಬಿರುಕು, ಸರಳಿನ ತುಕ್ಕು ಅಳೆಯುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್, ಹಾಫ್-ಸೆಲ್ ಪರೀಕ್ಷೆ ಮಾಡಿಸಿ. ಅಗತ್ಯವೆಂದರೆ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆಸಿ. ಹಳೆಯ ಭಾಗ ಜಂಬಿಟ್ಟಿಗೆಯ ಗೋಡೆ, ಹಂಚಿನ ಮಾಡು ಆಗಿದ್ದರೆ ಅದಕ್ಕೆ ಈ ಲೆಕ್ಕ ಬೇರೆ. ಜಂಬಿಟ್ಟಿಗೆ ಗೋಡೆಗೆ ದಪ್ಪ ಸಿಮೆಂಟ್ ಗಾರೆ ಮೆತ್ತಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೊಳೆಯುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಸರಿ.

ಇನ್ನೊಂದು ಕೆಲಸ ಎಲ್ಲರೂ ಬಿಟ್ಟುಬಿಡುತ್ತಾರೆ. ಯಾವ ವಾಲ್ವ್ ತಿರುಗಿಸಿದರೆ ಎಲ್ಲಿ ನೀರು ನಿಲ್ಲುತ್ತದೆ, ಯಾವ ಸ್ವಿಚ್ ಇಳಿಸಿದರೆ ಯಾವ ಕೋಣೆ ಕತ್ತಲಾಗುತ್ತದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಹಳೆಯ ಡಿ ಗ್ರೂಪ್ ನೌಕರರ ತಲೆಯಲ್ಲಿ ಇರುತ್ತದೆ. ಅವರು ನಿವೃತ್ತರಾಗಿದ್ದರೂ ಮನೆಯಿಂದ ಕರೆತಂದು ಒಂದು ದಿನ ಜೊತೆಗೆ ಸುತ್ತಿ, ಪ್ರತಿ ವಾಲ್ವಿಗೂ ಹೆಸರಿನ ಬಿಲ್ಲೆ ಕಟ್ಟಿ.

2. ಮಳೆಯಿಂದ ಹಿಂದಕ್ಕೆ ಎಣಿಸಿ

ಮೃಗಶಿರ ಮಳೆ ಹುಟ್ಟುವುದು ಜೂನ್ ಎರಡನೇ ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಏಪ್ರಿಲ್–ಮೇನಲ್ಲಿ ಗುಡುಗು ಸಿಡಿಲಿನ ಅಡ್ಡಮಳೆ ಗ್ಯಾರಂಟಿ. ಹಾಗಾಗಿ ತಾರಸಿ ಬಿಚ್ಚುವ ಕೆಲಸ ಮಾರ್ಚ್ ಕೊನೆಯೊಳಗೆ ಮುಚ್ಚಿಕೊಳ್ಳಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ: ಡಿಸೆಂಬರ್‌ನಲ್ಲಿ ತಾರಸಿ ಕೆಲಸ ಶುರು, ನವೆಂಬರ್‌ನಲ್ಲಿ ಬದಲಿ ವಾರ್ಡು ಸಿದ್ಧ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಟೆಂಡರ್. ಸರ್ಕಾರಿ ಆಸ್ಪತ್ರೆಗಳಲ್ಲಿ ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಗೆ ಜನವರಿಯಲ್ಲಿ ಟೆಂಡರ್ ಕರೆದು, ಮಾರ್ಚ್‌ನಲ್ಲಿ ಕಾರ್ಯಾದೇಶ ಕೊಟ್ಟು, ಮೇನಲ್ಲಿ ತಾರಸಿ ಒಡೆಯುವ ಪದ್ಧತಿ ಇದೆ. ಅಷ್ಟು ತಡವಾಗಿದ್ದರೆ ಆ ವರ್ಷ ತಾರಸಿ ಮುಟ್ಟಬೇಡಿ. ಒಳಗಿನ ಪೈಪು, ವೈರಿಂಗ್ ಕೆಲಸ ಮಾಡಿಸಿ, ಮೇಲೆ ತಾತ್ಕಾಲಿಕ ಶೀಟು ಹಾಕಿಕೊಳ್ಳಿ.

ಕ್ಯಾಲೆಂಡರಿಗೆ ಇನ್ನೂ ಮೂರು ಸಂಗತಿ ಸೇರಿಸಿಕೊಳ್ಳಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸ್ಥಳೀಯ ಕೂಲಿಯಾಳು ಸಿಗುವುದು ಕಷ್ಟ, ತೋಟದ ಕೆಲಸ ಬಿಟ್ಟು ಜಲ್ಲಿ ಹೊರಲು ಯಾರೂ ಬರುವುದಿಲ್ಲ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಆ ವಾರಗಳಲ್ಲಿ ರಸ್ತೆಯೂ ಆಳೂ ನಿಮ್ಮ ಕೈಗೆ ಸಿಗುವುದಿಲ್ಲ. ಮೂರನೆಯದು ಗಂಭೀರ. ಒಣ ಹವೆಯ ಈ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತ, 1957ರಲ್ಲಿ ಪತ್ತೆಯಾದ ಈ ಜ್ವರ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಡುತ್ತದೆ. 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಬ್ಬಿದ್ದು ಇಲ್ಲಿನವರು ಮರೆತಿಲ್ಲ. ಹಾಗಾಗಿ ಜ್ವರದ ವಾರ್ಡು, ಪ್ರಯೋಗಾಲಯ ಇವೆರಡನ್ನು ಆ ಅವಧಿಯಲ್ಲಿ ಮುಚ್ಚುವ ಯೋಜನೆ ಹಾಕಲೇಬೇಡಿ. ಅವುಗಳ ಸರದಿ ಅಕ್ಟೋಬರ್–ನವೆಂಬರ್‌ಗೆ ಬರಲಿ, ಅಥವಾ ಒಳಗಿನ ಕೆಲಸವಷ್ಟೇ ಆದರೆ ಮಳೆಗಾಲಕ್ಕೆ.

3. ಟೆಂಡರಿನಲ್ಲೇ ಬರೆಯಬೇಕಾದ್ದು

ಧೂಳಿನ ತಡೆಗೋಡೆ, ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರಿನ ಫ್ಯಾನು, ರಾತ್ರಿ ಪಾಳಿಯ ಸ್ವಚ್ಛತೆ, ಮುಚ್ಚಿದ ಗಾಡಿಯಲ್ಲಿ ಕಸ ಸಾಗಣೆ ಇವೆಲ್ಲ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಐಟಂ ಆಗಿ, ಪ್ರತ್ಯೇಕ ದರದೊಂದಿಗೆ ಇರಬೇಕು. 'ಗುತ್ತಿಗೆದಾರನು ಅಗತ್ಯ ಮುನ್ನೆಚ್ಚರಿಕೆ ವಹಿಸತಕ್ಕದ್ದು' ಎಂದು ಒಂದು ಸಾಲು ಬರೆದರೆ ನಿಮಗೆ ಸಿಗುವುದು ಹಗ್ಗಕ್ಕೆ ನೇತುಹಾಕಿದ ನೀಲಿ ಟಾರ್ಪಾಲು. ದುಡ್ಡು ಕೊಡದ ಕೆಲಸವನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಸದ್ದಿನ ಕೆಲಸಕ್ಕೆ ಅನುಮತಿಯ ಗಂಟೆಗಳು, ಒಮ್ಮೆಗೆ ಎಷ್ಟು ಭಾಗ ಮಾತ್ರ ಬಿಚ್ಚಬಹುದು, ಆ ಭಾಗ ಮುಚ್ಚದೆ ಮುಂದಿನದು ಮುಟ್ಟುವಂತಿಲ್ಲ ಎಂಬ ಷರತ್ತು ಇವೂ ಅಲ್ಲೇ ಬರಲಿ. ಹಳೆಯ ಸ್ಲ್ಯಾಬು ಕೆತ್ತಿದ ಮೇಲೆ ಒಳಗಿನ ಹಾಳು ಅಂದಾಜಿಗಿಂತ ಹೆಚ್ಚೇ ಇರುತ್ತದೆ, ಅದಕ್ಕೆ ಮೊದಲೇ ಹಣ ತೆಗೆದಿಡಿ.

4. ನಿಲ್ಲಿಸುವ ಅಧಿಕಾರ

ಈ ಸಂಭಾಷಣೆ ಎಲ್ಲ ಆಸ್ಪತ್ರೆಯಲ್ಲೂ ನಡೆಯುತ್ತದೆ.

'ಮೇಸ್ತ್ರಿ, ಬ್ರೇಕರ್ ನಿಲ್ಸಿ. ಒಳಗೆ ಮಗೂಗೆ ಲೈನ್ ಹಾಕ್ತಿದಾರೆ.'

'ಒಂದ್ ಹತ್ ನಿಮಿಷ ಸಿಸ್ಟರ್, ಇದೊಂದ್ ತುಂಡು ಮುಗಿಸ್ಬಿಡ್ತೀನಿ.'

ಎರಡನೆಯ ಮಾತು ಹುಟ್ಟದಂತೆ ವ್ಯವಸ್ಥೆ ಮಾಡಬೇಕು. ಇನ್‌ಚಾರ್ಜ್ ಸಿಸ್ಟರ್ ನಿಲ್ಲಿಸಿ ಎಂದರೆ ಕಾರಣ ಕೇಳದೆ ನಿಲ್ಲಬೇಕು ಎಂದು ಕರಾರಿನಲ್ಲೇ ಬರೆಯಿರಿ. ನಿಂತ ಹೊತ್ತನ್ನು ಒಂದು ಪುಸ್ತಕದಲ್ಲಿ ದಾಖಲಿಸಿ, ನಿಗದಿತ ಮಿತಿ ಮೀರಿದರೆ ಗುತ್ತಿಗೆದಾರರಿಗೆ ಅಷ್ಟು ದಿನ ಹೆಚ್ಚುವರಿ ಅವಧಿ ಕೊಡಿ. ಆಗ ಅವರಿಗೂ ಜಗಳವಾಡಲು ಕಾರಣ ಉಳಿಯುವುದಿಲ್ಲ. ಈ ಅಧಿಕಾರ ಇಲ್ಲದ ಕಡೆ ಸಿಸ್ಟರ್ ಸಹಿಸಿ ಸಹಿಸಿ ಒಂದು ದಿನ ಡಾಕ್ಟರಿಗೆ ಹೇಳುತ್ತಾರೆ, ರೋಗಿಯ ಕಡೆಯವರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ, ಮೇಲಿನಿಂದ ಫೋನು ಬಂದು ವಾರಗಟ್ಟಲೆ ಕೆಲಸ ನಿಲ್ಲುತ್ತದೆ. ಇಪ್ಪತ್ತು ನಿಮಿಷಕ್ಕೆ ಮುಗಿಯುವ ಸಂಗತಿ ಇಪ್ಪತ್ತು ದಿನ ತಿನ್ನುವುದು ಹೀಗೆ.

ಪ್ರತಿದಿನ ಬೆಳಿಗ್ಗೆ ಓಪಿಡಿ ಶುರುವಾಗುವ ಮೊದಲು ಹತ್ತು ನಿಮಿಷದ ನಿಂತ ಸಭೆ ಇರಲಿ. ಸಿಸ್ಟರ್, ಆಸ್ಪತ್ರೆಯ ಎಲೆಕ್ಟ್ರಿಷಿಯನ್, ಗುತ್ತಿಗೆದಾರರ ಸೂಪರ್‌ವೈಸರ್ ಮೂವರೂ ಬರಬೇಕು. ಇಂದು ಆಪರೇಷನ್ ಎಷ್ಟು, ಯಾವ ಹೊತ್ತಿಗೆ ಸದ್ದು, ಯಾವ ದಾರಿ ಬಂದ್ ಎಂಬಷ್ಟೇ ಮಾತು. ವಾಟ್ಸ್‌ಆಪ್ ಗುಂಪು ಇದಕ್ಕೆ ಬದಲಿಯಲ್ಲ.

5. ಬದಲಿ ವಾರ್ಡು ಮೊದಲು

ಕೆಲಸದ ಜಾಗದ ಜೊತೆಗೆ ಅದರ ಕೆಳಗಿನ ಜಾಗವೂ ಖಾಲಿಯಾಗಬೇಕು. ತಾರಸಿ ಕೆತ್ತುವಾಗ ಮೇಲಂತಸ್ತಿನ ವಾರ್ಡಿನಲ್ಲಿ ರೋಗಿಗಳಿರಕೂಡದು, ಕಂಪನಕ್ಕೆ ಹಳೆಯ ಪ್ಲಾಸ್ಟರು ಬೀಳುತ್ತದೆ. ಹಾಗಾಗಿ ಮೊದಲ ಖರ್ಚು ಬದಲಿ ವಾರ್ಡಿನ ಮೇಲೆ. ತರಬೇತಿ ಸಭಾಂಗಣ, ಖಾಲಿ ಬಿದ್ದ ಕ್ವಾರ್ಟರ್ಸ್ ಯಾವುದಾದರೂ ಆದೀತು. ಆದರೆ ಅಲ್ಲಿ ಸಾಕಷ್ಟು ಶೌಚಾಲಯ, ಆಮ್ಲಜನಕ, ಜನರೇಟರಿನ ಲೈನು, ಸ್ಟ್ರೆಚರ್ ತಿರುಗುವಷ್ಟು ಬಾಗಿಲು, ಸಿಸ್ಟರ್ ಕುಳಿತಲ್ಲಿಂದ ಎಲ್ಲ ಹಾಸಿಗೆಯೂ ಕಾಣುವ ಹಾಗಿರುವುದು ಇವಿಷ್ಟೂ ಬೇಕು. ಜಾಗ ಕಡಿಮೆಯಿದ್ದರೆ ತುರ್ತಲ್ಲದ ಆಪರೇಷನ್‌ಗಳನ್ನು ಮುಂದೂಡಿ ಹಾಸಿಗೆ ಸಂಖ್ಯೆ ಇಳಿಸಿ.

ಹೆರಿಗೆ ಕೋಣೆಯ ಬಾಗಿಲು ಬದಲಾದರೆ ಬೋರ್ಡು ಬರೆಸಿದರೆ ಸಾಲದು. ಆಶಾ ಕಾರ್ಯಕರ್ತೆಯರು, 108ರ ಚಾಲಕರು, ಗೇಟಿನ ಮುಂದಿನ ಆಟೋ ನಿಲ್ದಾಣದವರಿಗೆ ಖುದ್ದಾಗಿ ತೋರಿಸಿ. ರಾತ್ರಿ ಎರಡು ಗಂಟೆಗೆ ಹಳ್ಳಿಯಿಂದ ಬರುವವರು ಬೋರ್ಡು ಓದುವುದಿಲ್ಲ, ಆಟೋದವರನ್ನು ಕೇಳುತ್ತಾರೆ.

6. ಧೂಳು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಧೂಳನ್ನು ಬರೀ ಗಲೀಜು ಎಂದುಕೊಂಡವರೇ ಹೆಚ್ಚು. ಹಳೆಯ ಗೋಡೆ, ಫಾಲ್ಸ್ ಸೀಲಿಂಗ್ ಒಡೆದಾಗ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳು ಗಾಳಿಗೆ ಬರುತ್ತವೆ. ಒಂದೊಂದೂ ಎರಡು ಮೂರು ಮೈಕ್ರಾನ್ ಗಾತ್ರ, ಗಂಟೆಗಟ್ಟಲೆ ತೇಲುತ್ತಿರುತ್ತವೆ. ಆರೋಗ್ಯವಂತರು ಉಸಿರಾಡಿದರೆ ಏನೂ ಆಗದಿರಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಅದು ಜೀವಕ್ಕೇ ಎರವಾಗುವ ಶ್ವಾಸಕೋಶದ ಸೋಂಕು ತರಬಹುದು. ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಬೂಷ್ಟು ಹಿಡಿಯುವ ನಮ್ಮ ಕಡೆ ಈ ಭಯ ಇನ್ನೂ ಹೆಚ್ಚು.

ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಇದಕ್ಕೆ 'ಇಕ್ರಾ' (ಸೋಂಕು ನಿಯಂತ್ರಣಕ್ಕೆ ಅಪಾಯ ಅಳೆಯುವ ವಿಧಾನ) ಎಂಬ ಪಟ್ಟಿ ಬಳಸುತ್ತವೆ. ಒಂದು ಕಡೆ ಕೆಲಸ ಎಷ್ಟು ಧೂಳಿನದು, ಇನ್ನೊಂದು ಕಡೆ ಹತ್ತಿರದ ರೋಗಿ ಎಷ್ಟು ನಾಜೂಕು. ಎರಡೂ ಕೂಡುವ ಮನೆಯಲ್ಲಿ ಏನೇನು ತಡೆ ಬೇಕೆಂದು ಬರೆದಿರುತ್ತದೆ. ಕಚೇರಿಯಲ್ಲಿ ಒಂದು ಸ್ವಿಚ್ ಬದಲಿಸಲು ಒದ್ದೆ ಬಟ್ಟೆ ಸಾಕು. ಐಸಿಯು ಪಕ್ಕದಲ್ಲಿ ಗೋಡೆ ಒಡೆಯಲು ಕೆಳಗಿನದೆಲ್ಲ ಬೇಕು.

ತಡೆಗೋಡೆಯನ್ನು ಪ್ಲೈವುಡ್ ಅಥವಾ ಜಿಪ್ಸಮ್ ಬೋರ್ಡಿನಲ್ಲಿ ನೆಲದಿಂದ ಸ್ಲ್ಯಾಬಿನವರೆಗೆ ಕಟ್ಟಬೇಕು. ಫಾಲ್ಸ್ ಸೀಲಿಂಗಿಗೆ ನಿಲ್ಲಿಸಿದರೆ ಧೂಳು ಅದರ ಮೇಲಿಂದ ಪಕ್ಕದ ವಾರ್ಡಿಗೆ ಇಳಿಯುತ್ತದೆ. ಸಂದುಗಳಿಗೆಲ್ಲ ಟೇಪು ಹಚ್ಚಬೇಕು. ಹಸಿರು ಶೇಡ್ ನೆಟ್ ಧೂಳು ತಡೆಯುವುದಿಲ್ಲ, ನೋಡುವವರ ಕಣ್ಣು ಮಾತ್ರ ತಡೆಯುತ್ತದೆ. ಒಳಗಿನ ಗಾಳಿಯನ್ನು ಹೆಪಾ ಫಿಲ್ಟರ್ ಹಾದು ಹೊರಕ್ಕೆ ಎಳೆಯುವ ಫ್ಯಾನು ಇಟ್ಟರೆ ಗಾಳಿ ವಾರ್ಡಿನ ಕಡೆಯಿಂದ ಕೆಲಸದ ಜಾಗಕ್ಕೆ ಹರಿಯುತ್ತದೆ, ಉಲ್ಟಾ ಹರಿಯುವುದಿಲ್ಲ. ನೋಡುವುದು ಸುಲಭ: ಬಾಗಿಲ ಸಂದಿನಲ್ಲಿ ಟಿಶ್ಯೂ ಕಾಗದದ ತೆಳು ಪಟ್ಟಿ ಹಿಡಿಯಿರಿ. ಅದು ಕೆಲಸದ ಕಡೆಗೆ ವಾಲಿದರೆ ಸರಿ, ನಿಮ್ಮ ಕಡೆಗೆ ವಾಲಿದರೆ ಕೆಲಸ ನಿಲ್ಲಿಸಿ. ಊದುಬತ್ತಿ ಹೊಗೆಯಲ್ಲೂ ಗೊತ್ತಾಗುತ್ತದೆ, ಆದರೆ ಆಮ್ಲಜನಕ ಇರುವ ಜಾಗದಲ್ಲಿ ಆ ಸಾಹಸ ಬೇಡ. ಈ ಪರೀಕ್ಷೆ ದಿನಾ ಬೆಳಿಗ್ಗೆ ಸಿಸ್ಟರ್ ಎದುರಿಗೇ ಆಗಿ ಪುಸ್ತಕದಲ್ಲಿ ಸಹಿ ಬೀಳಲಿ.

ಪೊರಕೆ ನಿಷಿದ್ಧ, ಒದ್ದೆ ಒರೆಸುವುದು ಮಾತ್ರ. ಬಾಗಿಲಲ್ಲಿ ಅಂಟು ಚಾಪೆ ಹಾಕಿ, ಹೆಜ್ಜೆ ಗುರುತು ತುಂಬಿದೊಡನೆ ಮೇಲಿನ ಪದರ ಕಿತ್ತು ಹಾಕಿ. ಒಡೆದ ಮಣ್ಣು ಚೀಲದಲ್ಲಿ ಕಟ್ಟಿ ಹೊರಗೆ ಕಟ್ಟಿದ ಚ್ಯೂಟ್‌ (ಕಸ ಜಾರಿಸುವ ಕೊಳವೆ) ಮೂಲಕ ಇಳಿಯಲಿ. ಊಟದ ಗಾಡಿ, ಸ್ಟೆರೈಲ್ ಸಾಮಾನು ಹೋಗುವ ದಾರಿಯಲ್ಲಿ ಅದು ಎಂದೂ ಹೋಗಬಾರದು. ನೆನೆದು ಎರಡು ಮೂರು ದಿನದೊಳಗೆ ಒಣಗದ ಜಿಪ್ಸಮ್ ಬೋರ್ಡು ಇದ್ದರೆ ಒಣಗಿಸುವ ಯೋಚನೆ ಬಿಟ್ಟು ತೆಗೆದು ಹಾಕಿ.

ಹಳೆಯ ಕಲ್ನಾರು ಶೀಟು ಇದ್ದರೆ ಅದನ್ನು ಒಡೆಯದೆ, ಕೊರೆಯದೆ, ನೀರು ಸಿಂಪಡಿಸಿ ಇಡಿಯಾಗಿ ಬಿಚ್ಚಿಸಿ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ತೆಗೆಯುವ ದಾರಿಯಿಲ್ಲ.

7. ಆಮ್ಲಜನಕ, ಕರೆಂಟು, ನೀರು

ಮೂರಕ್ಕೂ ಒಂದೇ ನಿಯಮ: ಲಿಖಿತ ಅನುಮತಿ ಇಲ್ಲದೆ ಯಾವ ವಾಲ್ವೂ ಸ್ವಿಚ್ಚೂ ಮುಟ್ಟುವಂತಿಲ್ಲ.

ಆಮ್ಲಜನಕದ ಪೈಪು ಕತ್ತರಿಸಬೇಕಾದಾಗ ಹಿಂದಿನ ದಿನವೇ ಪಟ್ಟಿ ಮಾಡಿ: ಯಾವ ಹಾಸಿಗೆ, ನಿಮಿಷಕ್ಕೆ ಎಷ್ಟು ಲೀಟರ್. ಏಳು ಘನ ಮೀಟರಿನ ದೊಡ್ಡ ಡಿ ಮಾದರಿ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬರುತ್ತದೆ. ಸಣ್ಣ ಬಿ ಮಾದರಿಯಲ್ಲಿ 1,500 ಲೀಟರ್, ಎರಡೂವರೆ ಗಂಟೆಗೆ ಖಾಲಿ. ಲೆಕ್ಕ ಹಾಕಿ ಅದರ ಎರಡರಷ್ಟು ತಂದಿಡಿ. ರಸ್ತೆ ಮೇಲೆ ಒಂದು ಮರ ಬಿದ್ದರೆ ಸಿಲಿಂಡರ್ ಗಾಡಿ ಬರುವುದಿಲ್ಲ ಎಂಬುದು ನೆನಪಿರಲಿ. ವಾಲ್ವ್ ಮುಚ್ಚುವಾಗ ಒಬ್ಬರು ವಾಲ್ವಿನ ಬಳಿ, ಒಬ್ಬರು ವಾರ್ಡಿನಲ್ಲಿ, ನಡುವೆ ಫೋನು. ಎಲ್ಲ ರೋಗಿಗಳೂ ಸಿಲಿಂಡರಿಗೆ ಬದಲಾಗಿದ್ದಾರೆ ಎಂದು ಸಿಸ್ಟರ್ ಹೇಳಿದ ಮೇಲಷ್ಟೇ ತಿರುಗಿಸಬೇಕು. ಪೈಪು ಬೆಸೆಯುವವರು ಮೆಡಿಕಲ್ ಗ್ಯಾಸಿನ ಅನುಭವಿಗಳೇ ಆಗಿರಬೇಕು, ಊರಿನ ಪ್ಲಂಬರ್ ಅಲ್ಲ. ಎಣ್ಣೆ, ಗ್ರೀಸ್ ತಗುಲಿದ ಕೈ ಆ ಜೋಡಣೆಗೆ ತಾಗಲೇಬಾರದು. ಮತ್ತೆ ತೆರೆಯುವ ಮೊದಲು ಪೈಪಿನಲ್ಲಿ ಒತ್ತಡ ತುಂಬಿ ಹಾಗೇ ಬಿಟ್ಟು ಸೋರಿಕೆ ನೋಡಿ, ಪ್ರತಿ ಔಟ್‌ಲೆಟ್‌ನಲ್ಲೂ ಅನಲೈಜರ್ ಹಿಡಿದು ಬರುತ್ತಿರುವುದು ಆಮ್ಲಜನಕವೇ ಎಂದು ಖಚಿತಪಡಿಸಿಕೊಳ್ಳಿ.

ಕರೆಂಟಿಗೆ ಗುತ್ತಿಗೆದಾರರು ಮೆಸ್ಕಾಂನಿಂದ ಬೇರೆಯೇ ತಾತ್ಕಾಲಿಕ ಸಂಪರ್ಕ ಪಡೆಯಲಿ. ವಾರ್ಡಿನ ಪ್ಲಗ್ಗಿಗೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಸಿಕ್ಕಿಸಿ ಎಂಸಿಬಿ ಬಿದ್ದರೆ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್ ಕೂಡ ಆರುತ್ತದೆ. ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ 2ರಿಂದ 8 ಡಿಗ್ರಿ, ರಕ್ತ ಸಂಗ್ರಹದ ಫ್ರಿಜ್ 2ರಿಂದ 6 ಡಿಗ್ರಿಯಲ್ಲಿರಬೇಕು. ಇವುಗಳ ಲೈನಿಗೆ ಕೆಂಪು ಚೀಟಿ ಅಂಟಿಸಿ, ಸ್ಥಗಿತದ ಹೊತ್ತಿನಲ್ಲಿ ಉಷ್ಣಾಂಶ ಬರೆದುಕೊಳ್ಳಲು ಒಬ್ಬರನ್ನು ನೇಮಿಸಿ.

ನೀರು ನಿಲ್ಲಿಸುವ ಮೊದಲು ಡಯಾಲಿಸಿಸ್ ಪಾಳಿ ನೋಡಿ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಬಹಳ ದಿನ ಮುಚ್ಚಿದ್ದ ನಲ್ಲಿಗಳಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು, ವಾರ್ಡು ತೆರೆಯುವ ಮೊದಲು ಟ್ಯಾಂಕು ತೊಳೆದು ಎಲ್ಲ ನಲ್ಲಿಯಿಂದಲೂ ನೀರು ಹರಿಸಿಬಿಡಿ.

8. ತಾರಸಿ

ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಪದರ ಹಾಕುವುದು ನಮ್ಮ ಕಡೆಯ ದೊಡ್ಡ ರೋಗ. ಸಾವಿರ ಚದರಡಿಗೆ ಎರಡು ಇಂಚು ಕಾಂಕ್ರೀಟು ಹಾಕಿದರೆ ಸುಮಾರು ಹನ್ನೊಂದು ಟನ್ ಭಾರ. ತುಕ್ಕು ಹಿಡಿದ ಸ್ಲ್ಯಾಬಿನ ಮೇಲೆ ತುಂಬಿದ ಲಾರಿ ನಿಲ್ಲಿಸಿದ ಹಾಗೆ. ಹಳೆಯ ಪದರ ತೆಗೆಸಿ, ಮೂಲ ಸ್ಲ್ಯಾಬು ಕಾಣಿಸಲಿ. ತೆಗೆದದ್ದನ್ನು ಅಲ್ಲೇ ರಾಶಿ ಹಾಕಲು ಬಿಡಬೇಡಿ, ಅಂದಂದೇ ಇಳಿಸಿ.

ಕೆಳಗಿನಿಂದ ಜಾಕಿ ಕೊಟ್ಟು, ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕೆತ್ತಿ, ತುಕ್ಕು ಉಜ್ಜಿ ತೆಗೆದು, ಸರಳಿಗೆ ರಕ್ಷಣಾ ಲೇಪ ಹಚ್ಚಿ, ಪಾಲಿಮರ್ ಗಾರೆ ತುಂಬುವುದು ಕ್ರಮ. ಸರಳು ಸವೆದಿದ್ದರೆ ಪಕ್ಕಕ್ಕೆ ಹೊಸದು ಕಟ್ಟಬೇಕೇ ಎಂಬುದನ್ನು ಎಂಜಿನಿಯರ್ ನೋಡಿ ಹೇಳಬೇಕು, ಮೇಸ್ತ್ರಿಯಲ್ಲ. ತುಕ್ಕಿನ ಮೇಲೇ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಎರಡನೇ ಮಳೆಗಾಲಕ್ಕೆ ಅದೇ ಚಕ್ಕೆ ಹಾಸಿಗೆಯ ಮೇಲೆ. ಹಾಗಾಗಿ ಮುಚ್ಚುವ ಮೊದಲು ಪ್ರತಿ ತುಂಡಿನ ಫೋಟೊ ಕಡ್ಡಾಯ, ಫೋಟೊ ಇಲ್ಲದಿದ್ದರೆ ಬಿಲ್ಲಿಲ್ಲ.

ಮೇಲೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು, ಪ್ಯಾರಪೆಟ್ ಸೇರುವ ಮೂಲೆಗೆ ದುಂಡನೆಯ ವಾಟ, ಆಮೇಲೆ ವಾಟರ್‌ಪ್ರೂಫಿಂಗ್. ನೀರು ಕಟ್ಟಿ ಎರಡು ಮೂರು ದಿನ ನಿಲ್ಲಿಸಿ ಕೆಳಗೆ ನೋಡಿ.

ಇಷ್ಟಾದ ಮೇಲೂ ಮಲೆನಾಡಿನಲ್ಲಿ ಆರ್‌ಸಿಸಿ ತಾರಸಿಯ ಮೇಲೆ ಇಳಿಜಾರು ಶೀಟಿನ ಮಾಡು ಹಾಕಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಎಷ್ಟೇ ದುಬಾರಿ ಲೇಪವಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತಲೇ ಇದ್ದರೆ ಬಾಳಿಕೆ ಕಷ್ಟ. ಆದರೆ ಮಾಡಿನ ಕಂಬಗಳು ಕಟ್ಟಡದ ಕಂಬದ ಮೇಲೆ ಕೂರಬೇಕು, ಪ್ಯಾರಪೆಟ್ ಮೇಲಲ್ಲ, ಗಾಳಿಗೆ ಪ್ಯಾರಪೆಟ್ ಸಮೇತ ಎದ್ದೀತು. ಪಕ್ಕದ ತೆರೆದ ಜಾಗಕ್ಕೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಪಾರಿವಾಳ, ಮಂಗಗಳ ಸಂಸಾರ ಶುರುವಾಗುತ್ತದೆ.

9. ಬೆಂಕಿ ಮತ್ತು ಕಾಗದಪತ್ರ

ವೆಲ್ಡಿಂಗ್, ಗ್ಯಾಸ್ ಕಟಿಂಗ್‌ಗೆ ದಿನದಿನಕ್ಕೆ ಪ್ರತ್ಯೇಕ ಅನುಮತಿ ಚೀಟಿ ಇರಲಿ. ಪಕ್ಕದಲ್ಲಿ ಅಗ್ನಿಶಾಮಕ, ಕೆಲಸ ನಿಂತ ಮೇಲೂ ಒಂದು ಗಂಟೆ ಒಬ್ಬರ ಕಾವಲು. ಧೂಳಿಗೆಂದು ಹೊಗೆ ಸೂಚಕಗಳಿಗೆ ಕಟ್ಟಿದ ಪ್ಲಾಸ್ಟಿಕ್ಕನ್ನು ಪ್ರತಿ ಸಂಜೆ ಬಿಚ್ಚಬೇಕು. ತುರ್ತು ದಾರಿಯಲ್ಲಿ ಸಿಮೆಂಟ್ ಚೀಲ ಕಂಡರೆ ಅಲ್ಲಿಗೇ ಕೆಲಸ ಬಂದ್.

ಎಕ್ಸ್‌ರೇ ಕೋಣೆಯ ಗೋಡೆ ವಿಕಿರಣ ತಡೆಯುವ ಗೋಡೆಯೂ ಹೌದು. ಅದನ್ನು ಕೆತ್ತುವ, ತೂತು ಹಾಕುವ, ಯಂತ್ರ ಬೇರೆ ಕೋಣೆಗೆ ಒಯ್ಯುವ ಮೊದಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪ್ರಕ್ರಿಯೆ ಮುಗಿಸಿಕೊಳ್ಳಿ. ಅಲ್ಟ್ರಾಸೌಂಡ್ ಯಂತ್ರದ ಜಾಗ ಬದಲಾಗುವುದಾದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ನಿಯಮದಂತೆ 30 ದಿನ ಮುಂಚೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ಪಕ್ಕದ ಕೋಣೆ ತಾನೇ ಎಂದು ಉದಾಸೀನ ಮಾಡಿದರೆ ಯಂತ್ರಕ್ಕೆ ಸೀಲು ಬೀಳುವ ಪ್ರಸಂಗ ಬರಬಹುದು.

10. ಕೆಲಸಗಾರರು

ಹಳೆಯ ವಾರ್ಡು ಒಡೆಯುವಾಗ ಬೀರುವಿನ ಹಿಂದೆ, ಚರಂಡಿಯಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ ಸೂಜಿಗಳು ಸಿಗುತ್ತವೆ. ಆಸ್ಪತ್ರೆಯ ಸಿಬ್ಬಂದಿಯೇ ಮೊದಲು ಹುಡುಕಿ, ಜೈವಿಕ ತ್ಯಾಜ್ಯ ನಿಯಮದಂತೆ ಬೇರ್ಪಡಿಸಿ, ಆಮೇಲೆ ಜಾಗ ಗುತ್ತಿಗೆದಾರರಿಗೆ ಒಪ್ಪಿಸಬೇಕು. ಕೆಲಸಗಾರರಿಗೆ ದಪ್ಪ ಕೈಗವಸು, ಎನ್-95 ಮಾಸ್ಕ್ ಇರಲಿ, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ ಆಸ್ಪತ್ರೆಯಲ್ಲೇ ಆಗಿಬಿಡಲಿ. ದೂರದಿಂದ ಬಂದವರು ಮೆಟ್ಟಿಲ ಕೆಳಗೆ ಮಲಗುವಂತಾಗದೆ ಅವರಿಗೆ ಬೇರೆ ಶೆಡ್ಡು, ಶೌಚಾಲಯ ಬೇಕು. ಸೊಳ್ಳೆ ಸಾಕುವ ಕ್ಯೂರಿಂಗ್ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿಸಿ, ಆಸ್ಪತ್ರೆಯಿಂದಲೇ ಡೆಂಗಿ ಹರಡಿದರೆ ಮುಖ ತೋರಿಸುವುದು ಕಷ್ಟ.

11. ವಾಪಸು ಪಡೆಯುವುದು

ಬಣ್ಣ ಬಳಿದೊಡನೆ ರೋಗಿಗಳನ್ನು ತರಬೇಡಿ. ತಡೆಗೋಡೆ ಬಿಚ್ಚುವ ಮೊದಲೇ ಒಳಗೆಲ್ಲ ಹೆಪಾ ವ್ಯಾಕ್ಯೂಮ್ ಮತ್ತು ಒದ್ದೆ ಒರೆಸುವಿಕೆ, ಬಿಚ್ಚಿದ ಮೇಲೆ ಮತ್ತೊಮ್ಮೆ. ಎಸಿ ಫಿಲ್ಟರ್ ಬದಲಿಸಿ, ಆಪರೇಷನ್ ಥಿಯೇಟರ್ ಆದರೆ ಸೂಕ್ಷ್ಮಾಣು ಪರೀಕ್ಷೆಯ ವರದಿ ಬರುವವರೆಗೆ ಕಾಯಿರಿ. ಹಾಸಿಗೆ ಹಾಸುವ ಮುನ್ನ ಸಿಸ್ಟರ್ ಪ್ರತಿ ಸ್ವಿಚ್ಚು, ನಲ್ಲಿ, ಔಟ್‌ಲೆಟ್ ಖುದ್ದು ತಿರುಗಿಸಿ ನೋಡಿ ಸಹಿ ಹಾಕಲಿ.

ಹೊಸ ನಕ್ಷೆಯಲ್ಲಿ ವಾಲ್ವು, ವೈರು, ಪೈಪಿನ ನಿಜವಾದ ದಾರಿ ಬರೆಸಿ ಒಂದು ಪ್ರತಿಯನ್ನು ಎಲೆಕ್ಟ್ರಿಕ್ ಕೋಣೆಯ ಗೋಡೆಗೆ ಅಂಟಿಸಿ. ದೋಷ ಹೊಣೆಗಾರಿಕೆಯ ಅವಧಿ ಕನಿಷ್ಠ ಎರಡು ಮಳೆಗಾಲ ದಾಟುವಂತಿರಲಿ. ಠೇವಣಿಯ ಅರ್ಧ ಭಾಗವನ್ನಾದರೂ ಮೊದಲ ಆಗಸ್ಟ್‌ವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ಆ ತಿಂಗಳು ಗುತ್ತಿಗೆದಾರರನ್ನು ಜೊತೆಗೆ ಕರೆದುಕೊಂಡು, ಮೊದಲ ಸಮೀಕ್ಷೆಯ ನಕ್ಷೆ ಹಿಡಿದು, ಬಕೆಟ್ ಇಟ್ಟಿದ್ದ ಒಂದೊಂದು ಜಾಗವನ್ನೂ ಮತ್ತೆ ಮುಟ್ಟಿ ನೋಡಿ. ಒಣಗಿದ್ದಕ್ಕೆಲ್ಲ ಇಬ್ಬರೂ ಸಹಿ ಹಾಕಿದ ಮೇಲೆ ಉಳಿದ ಹಣ ಬಿಡುಗಡೆ ಮಾಡಿ.